ಅಕ್ರೋಪೋರ ಭಕ್ಷಕ ಚಪ್ಪಟೆಹುಳು

ಅಕ್ರೋಪೋರ ಭಕ್ಷಕ ಚಪ್ಪಟೆಹುಳು ಎಂಬುದು ಅಕ್ರೋಪೋರ ಕುಲದ ಕವಲು ಹವಳಗಳ ಮೇಲೆ ನೆಲೆಸಿ, ಅವುಗಳ ಜೀವಂತ ಅಂಗಾಂಶವನ್ನು ತಿಂದು ಬದುಕುವ ಒಂದು ಕಡಲ ಹುಳು. ಇದರ ವೈಜ್ಞಾನಿಕ ಹೆಸರು ಪ್ರೋಸ್ಥಿಯೋಸ್ಟೋಮಮ್ ಅಕ್ರೋಪೋರೇ. ಹವಳ ಸಾಕುವ ಮನೆಯ ಅಕ್ವೇರಿಯಂಗಳಲ್ಲಿ ಇದರ ಹಾವಳಿಯನ್ನು ತಡೆಯದೆ ಬಿಟ್ಟರೆ ಇಡೀ ಹವಳ ಸಮೂಹವೇ ಸತ್ತು, ಸುಣ್ಣದ ಬಿಳಿ ಅಸ್ಥಿಪಂಜರ ಮಾತ್ರ ಉಳಿಯುತ್ತದೆ. ಬೆಳೆದ ಹುಳುಗಳನ್ನು ಹವಳದಿಂದ ಬಿಡಿಸುವುದು ಅಷ್ಟೇನೂ ಕಷ್ಟವಲ್ಲ. ಅವುಗಳ ಮೊಟ್ಟೆಗಳು ಔಷಧಕ್ಕೆ ಬಗ್ಗದಿರುವುದೇ ನಿಯಂತ್ರಣದ ನಿಜವಾದ ತೊಡಕು.

ಪತ್ತೆ ಮತ್ತು ನಾಮಕರಣ

ಈ ಹುಳು ಮೊದಲು ಗಮನಕ್ಕೆ ಬಂದದ್ದು ಸಮುದ್ರದಲ್ಲಲ್ಲ, ಹವಳ ಬೆಳೆಸುವ ಗಾಜಿನ ತೊಟ್ಟಿಗಳಲ್ಲಿ. 2011ರಲ್ಲಿ ಕೇಟ್ ರಾಲಿನ್ಸನ್ ಮತ್ತು ಸಹಲೇಖಕರು ಇದನ್ನು ಹೊಸ ಪ್ರಭೇದವೆಂದು ವಿವರಿಸಿ ಅಮಕುಸಪ್ಲಾನ ಅಕ್ರೋಪೋರೇ ಎಂದು ಹೆಸರಿಟ್ಟರು. 1938ರಲ್ಲಿ ಕಾಟೊ ಸ್ಥಾಪಿಸಿದ್ದ ಆ ಕುಲದಲ್ಲಿ ಅಲ್ಲಿಯವರೆಗೆ ಒಂದೇ ಪ್ರಭೇದವಿತ್ತು. ಮುಂದೆ ವರ್ಗೀಕರಣ ಪರಿಷ್ಕಾರಗೊಂಡು ಹುಳುವನ್ನು ಪ್ರೋಸ್ಥಿಯೋಸ್ಟೋಮಮ್ ಕುಲಕ್ಕೆ ಸೇರಿಸಲಾಯಿತು. ಹಿಂದಿನ ಬರಹಗಳಲ್ಲಿ ಹಳೆಯ ಹೆಸರೇ ಇರುವುದರಿಂದ ಓದುಗರು ಇವೆರಡನ್ನು ಬೇರೆ ಬೇರೆ ಜೀವಿಗಳೆಂದು ಭಾವಿಸಬಾರದು. ಸಹಜ ನೆಲೆಯಲ್ಲಿ ಹುಳು ಕಂಡ ಮೊದಲ ವರದಿ ಪ್ರಕಟವಾದದ್ದು 2012ರಲ್ಲಿ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ನ ಲಿಜರ್ಡ್ ದ್ವೀಪದ ಬಳಿ, ಅಕ್ರೋಪೋರ ವ್ಯಾಲಿಡ ಎಂಬ ಹವಳದ ಮೇಲೆ.

ಲಕ್ಷಣಗಳು

ದೇಹವು ಎಲೆಯಂತೆ ತೆಳು, ಬಹುಮಟ್ಟಿಗೆ ಪಾರದರ್ಶಕ. ಮುಂಭಾಗದ ಅಂಚಿನ ನಡುವೆ ಸಣ್ಣದೊಂದು ಕಚ್ಚು ಇರುತ್ತದೆ. ಹವಳದ ಅಂಗಾಂಶದ ಜೊತೆಗೆ ಅದರೊಳಗಿನ ಸಹಜೀವಿ ಪಾಚಿಯೂ ಕುಟುಕುಕಣಗಳೂ ಹುಳುವಿನ ಒಡಲು ಸೇರುತ್ತವೆ. ಹವಳದ ಹೊಳೆಯುವ ವರ್ಣಕ ಪ್ರೋಟೀನುಗಳೂ ಅದರ ದೇಹದಲ್ಲಿ ಪತ್ತೆಯಾಗಿವೆ. ತಿಂದ ಹವಳದ ಬಣ್ಣವೇ ಹುಳುವಿಗೂ ಬರುವುದರಿಂದ, ಕಣ್ಣೆದುರಿಗಿದ್ದರೂ ಅದು ಕಾಣುವುದಿಲ್ಲ. ಅಕ್ವೇರಿಯಂನ ಗಾಜು ಮತ್ತು ಮರಳಿನ ಮೇಲೆ ಗುಂಪುಗುಂಪಾಗಿ ಕಾಣುವ ತುಕ್ಕುಬಣ್ಣದ ಹುಳುಗಳನ್ನು ಇದೇ ಎಂದು ತಿಳಿದು ಗಾಬರಿಯಾಗುವವರುಂಟು. ಅವು ಏಸೀಲ ಎಂಬ ಬೇರೆಯೇ ಗುಂಪಿಗೆ ಸೇರಿದವು. ಹವಳವನ್ನು ಕಚ್ಚಿ ತಿನ್ನುವುದಿಲ್ಲ.

ಜೀವನಚಕ್ರ

ಹುಳುಗಳು ದ್ವಿಲಿಂಗಿಗಳು. ಒಂದೊಂದು ಹುಳುವೂ ಹಲವು ಸಲ ಮೊಟ್ಟೆ ಇಡುತ್ತದೆ. ಮೊಟ್ಟೆ ಇಡುವುದು ಜೀವಂತ ಅಂಗಾಂಶದ ಮೇಲಲ್ಲ. ಅಂಗಾಂಶ ಸತ್ತು ಬಯಲಾದ ಅಸ್ಥಿಪಂಜರದ ಮೇಲೆ, ಹೆಚ್ಚಾಗಿ ಬುಡದ ಬಳಿ ಅಥವಾ ಕವಲುಗಳ ಸಂದಿಯಲ್ಲಿ. ಒಂದು ಗುಂಪಿನಲ್ಲಿ 20ರಿಂದ 26 ಮೊಟ್ಟೆಕೋಶಗಳು, ಪ್ರತಿ ಕೋಶದಲ್ಲಿ 3ರಿಂದ 7 ಭ್ರೂಣಗಳು ಇರುತ್ತವೆ. ಕಣ್ತಪ್ಪಿ ಉಳಿದ ಒಂದೇ ಗುಂಪಿನಿಂದ 60ರಿಂದ 180 ಮರಿಗಳು ಹೊರಬರಬಹುದು ಎಂದಾಯಿತು.

ಬೆಳವಣಿಗೆಯ ವೇಗ ನೀರಿನ ಉಷ್ಣತೆಯನ್ನು ಅವಲಂಬಿಸಿದೆ. 2011ರ ವಿವರಣೆಯಲ್ಲಿ ಮೊಟ್ಟೆ ಒಡೆಯಲು ಸುಮಾರು 21 ದಿನ ಬೇಕೆಂದು ಹೇಳಲಾಗಿತ್ತು. ಅನಂತರ 21ರಿಂದ 30 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಗಳಲ್ಲಿ ನಡೆದ ಅಧ್ಯಯನದಲ್ಲಿ, 27 ಡಿಗ್ರಿಯಲ್ಲಿ ಸರಾಸರಿ 11 ದಿನಗಳಿಗೇ ಮೊಟ್ಟೆ ಒಡೆದವು. ಒಂದು ತಲೆಮಾರಿಗೆ ಬೇಕಾಗುವ ಕನಿಷ್ಠ ಅವಧಿ 27 ಡಿಗ್ರಿಯಲ್ಲಿ 38 ದಿನ, 24 ಡಿಗ್ರಿಯಲ್ಲಿ 64 ದಿನ. ಮರಿಗಳು ತೆವಳಬಲ್ಲವು, ಈಜಲೂ ಬಲ್ಲವು. ಅಕ್ರೋಪೋರ ಸಿಗದಿದ್ದರೆ ಕೆಲವು ಗಂಟೆಗಳಿಂದ 9 ದಿನಗಳವರೆಗೆ ಬದುಕಿರುತ್ತವೆ. ಒಂದೇ ನೀರು ಹರಿಯುವ ಹಲವು ತೊಟ್ಟಿಗಳಿದ್ದರೆ ಪಿಡುಗು ಒಂದರಿಂದ ಇನ್ನೊಂದಕ್ಕೆ ದಾಟಲು ಇಷ್ಟು ಕಾಲ ಸಾಕು.

ಹಾವಳಿಯ ಕುರುಹುಗಳು

ಮೊದಲು ಕಾಣುವುದು ಹವಳದ ಬಣ್ಣ ಮಂಕಾಗುವುದು ಮತ್ತು ಪಾಲಿಪ್‌ಗಳು ಹೊರಚಾಚದಿರುವುದು. ನೀರಿನ ಗುಣ, ಬೆಳಕು ಕೆಟ್ಟಾಗಲೂ ಹೀಗೆಯೇ ಆಗುವುದರಿಂದ ಇದೊಂದನ್ನೇ ನಂಬುವಂತಿಲ್ಲ. ಹವಳದ ಮೈಮೇಲೆ ಮಸುಕಾದ ಸಣ್ಣ ದುಂಡು ಕಲೆಗಳು ಎದ್ದಿದ್ದರೆ ಅವು ಹುಳು ಕಚ್ಚಿದ ಗುರುತು. ಅಂಗಾಂಶವು ಸಾಮಾನ್ಯವಾಗಿ ಬುಡದಿಂದ ಮೇಲಕ್ಕೆ ಸವೆಯುತ್ತದೆ. ಹೊಂಬಣ್ಣದಿಂದ ಕಂದುಬಣ್ಣದ ಮೊಟ್ಟೆಗುಂಪು ಕಂಡರೆ ಸಂದೇಹ ಬಗೆಹರಿದಂತೆ.

ನಿಯಂತ್ರಣ

ರೂಢಿಯಲ್ಲಿರುವ ವಿಧಾನ ಹವಳವನ್ನು ಔಷಧದ ನೀರಿನಲ್ಲಿ ಅದ್ದುವುದು. ಹವಳವನ್ನು ತೊಟ್ಟಿಯಿಂದ ತೆಗೆದು, ಪಾತ್ರೆಯಲ್ಲಿ ತೊಟ್ಟಿಯದೇ ನೀರು ಹಾಕಿ, ತಯಾರಕರು ಸೂಚಿಸಿದ ಪ್ರಮಾಣದಲ್ಲಿ ಔಷಧ ಬೆರೆಸಿ, ಸೂಚಿಸಿದ ಅವಧಿಯವರೆಗೆ ಇಡಲಾಗುತ್ತದೆ. ಅಯೋಡಿನ್ ದ್ರಾವಣಗಳು, ಸಸ್ಯತೈಲದ ತಯಾರಿಕೆಗಳು ಬಳಕೆಯಲ್ಲಿವೆ. ದನಕುರಿಗಳ ಜಂತುನಾಶಕವೆಂದು ಪರಿಚಿತವಾದ ಲೆವಾಮಿಸೋಲ್ ಕೂಡ ಬಳಕೆಯಲ್ಲಿದೆ. ಅದ್ದಿರುವಾಗ ರಬ್ಬರ್ ಬುಡ್ಡೆಯ ಪಿಪೆಟ್‌ನಿಂದ ಕವಲುಗಳ ನಡುವೆ ನೀರು ಚಿಮ್ಮಿಸಿದರೆ ಸಡಿಲಗೊಂಡ ಹುಳುಗಳು ಪಾತ್ರೆಯ ತಳಕ್ಕೆ ಬೀಳುತ್ತವೆ. ಬಳಿಕ ಹವಳವನ್ನು ಬೇರೆ ಶುದ್ಧ ಉಪ್ಪುನೀರಿನಲ್ಲಿ ತೊಳೆಯಬೇಕು. ಅದ್ದಿದ ನೀರನ್ನು ತೊಟ್ಟಿಗೆ ಮರಳಿ ಸುರಿಯಬಾರದು.

ಬಿದ್ದ ಹುಳುಗಳನ್ನು ಎಣಿಸಿ ಕೆಲಸ ಮುಗಿಯಿತೆಂದುಕೊಳ್ಳುವುದೇ ಹವ್ಯಾಸಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಮೊಟ್ಟೆಕೋಶದ ಗಟ್ಟಿ ಹೊದಿಕೆ ಔಷಧವನ್ನು ಒಳಬಿಡುವುದಿಲ್ಲ. ಆದ್ದರಿಂದ ಭೂತಗನ್ನಡಿ ಹಿಡಿದು ಮೊಟ್ಟೆಗುಂಪುಗಳನ್ನು ಹುಡುಕಿ ಹರಿತವಾದ ಅಲಗಿನಿಂದ ಕೆರೆದು ತೆಗೆಯಬೇಕು. ಸತ್ತ ಬುಡವನ್ನೇ ಕತ್ತರಿಸಿ ಎಸೆದು, ಜೀವಂತ ಕವಲನ್ನು ಹೊಸ ಆಧಾರಕ್ಕೆ ಅಂಟಿಸುವುದು ಇನ್ನೂ ಲೇಸು. ಹಾಗಿದ್ದೂ ಕೆಲವು ಮೊಟ್ಟೆಗಳು ಉಳಿದೇ ಉಳಿಯುತ್ತವೆ. ಅವು ಒಡೆದ ಮೇಲೆ, ಮರಿಗಳು ಬಲಿತು ಮೊಟ್ಟೆ ಇಡುವ ಮುನ್ನ, ಮತ್ತೆ ಅದ್ದಬೇಕು. 27 ಡಿಗ್ರಿಯ ತೊಟ್ಟಿಯಲ್ಲಿ ವಾರಕ್ಕೊಮ್ಮೆಯಂತೆ ಆರು ವಾರ ಅದ್ದಿದರೆ ಒಂದು ಪೂರ್ಣ ತಲೆಮಾರಿನ ಅವಧಿ ಒಳಗೊಳ್ಳುತ್ತದೆ. ನೀರು ತಂಪಾಗಿದ್ದಷ್ಟೂ ಚಿಕಿತ್ಸೆಯನ್ನು ಲಂಬಿಸಬೇಕು. ಪದೇ ಪದೇ ಅದ್ದುವುದರಿಂದ ಹವಳವೂ ಬಳಲುತ್ತದೆ. ಮೊದಲೇ ಸೊರಗಿದ ಹವಳ ಚಿಕಿತ್ಸೆಯಲ್ಲಿಯೇ ಸಾಯುವುದುಂಟು.

ಬಂಡೆಗೆ ಅಂಟಿ ಹರಡಿ, ತೆಗೆಯಲಾಗದ ದೊಡ್ಡ ಹವಳಗಳ ವಿಷಯದಲ್ಲಿ ಜೈವಿಕ ನಿಯಂತ್ರಣ ನೆರವಾಗುತ್ತದೆ. ಆರು ಗೆರೆಗಳ ರಾಸ್ ಮೀನು ಹುಳುಗಳನ್ನು ತಿನ್ನುತ್ತದೆ, ಮೊಟ್ಟೆಗಳನ್ನು ಮುಟ್ಟುವುದಿಲ್ಲವೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಲಿಸ್ಮಾಟ ವಿಟಾಟ ಎಂಬ ಪೆಪ್ಪರ್‌ಮಿಂಟ್ ಸೀಗಡಿ ಎರಡನ್ನೂ ತಿನ್ನುತ್ತದೆ. ಇವು ಪಿಡುಗನ್ನು ತಗ್ಗಿಸುತ್ತವೆಯೇ ಹೊರತು ನಿರ್ಮೂಲ ಮಾಡುತ್ತವೆಂದು ನೆಚ್ಚುವಂತಿಲ್ಲ.

ಹೊಸ ಹವಳವನ್ನು ನೇರವಾಗಿ ತೊಟ್ಟಿಗೆ ಇಳಿಸದೆ, ನೀರಿನ ಸಂಪರ್ಕವೇ ಇಲ್ಲದ ಪ್ರತ್ಯೇಕ ತೊಟ್ಟಿಯಲ್ಲಿ ಇದೇ ಅವಧಿಯವರೆಗೆ ಇರಿಸಿ ಅದ್ದುವುದು ಅತಿ ಅಗ್ಗದ ಮುನ್ನೆಚ್ಚರಿಕೆ.

ಭಾರತದಲ್ಲಿ

ದಿಬ್ಬ ಕಟ್ಟುವ ಎಲ್ಲ ಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಯಲ್ಲಿವೆ. ಅಕ್ರೋಪೋರವೂ ಅದರಲ್ಲಿ ಸೇರಿದೆ. ಮನ್ನಾರ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಮೊದಲಾದ ಕಡೆ ಇವನ್ನು ಸಮುದ್ರದಿಂದ ಕೀಳುವುದು ಅಪರಾಧ. ಅಂತಾರಾಷ್ಟ್ರೀಯ ವ್ಯಾಪಾರವು ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದ ನಿಯಂತ್ರಣಕ್ಕೆ ಒಳಪಟ್ಟಿದೆ. ಹವಳ ವ್ಯಾಪಾರದ ಮೂಲಕ ಈ ಹುಳು ತನ್ನದಲ್ಲದ ದಿಬ್ಬಗಳಿಗೆ ತಲುಪಬಹುದೆಂಬ ಆತಂಕವನ್ನು ಸಂಶೋಧಕರು 2014ರಲ್ಲಿಯೇ ವ್ಯಕ್ತಪಡಿಸಿದ್ದಾರೆ. ಆದುದರಿಂದ ಸತ್ತ ಹವಳ, ಕತ್ತರಿಸಿದ ಬುಡ ಮತ್ತು ತೊಟ್ಟಿಯ ನೀರನ್ನು ಕಡಲಿಗಾಗಲಿ ಕಡಲು ಸೇರುವ ಕಾಲುವೆಗಾಗಲಿ ಹಾಕಬಾರದು. ಹವಳದ ತುಂಡುಗಳನ್ನು ಸಿಹಿನೀರಿನಲ್ಲಿ ನೆನೆಸಿ, ಬಿಸಿಲಿನಲ್ಲಿ ಪೂರ್ಣ ಒಣಗಿಸಿದ ಮೇಲೆಯೇ ವಿಲೇವಾರಿ ಮಾಡಬೇಕು.