ಆರಿಸಲಾಗದ ಯಂತ್ರ

ಸಕಲರೂ ಸುಖಿಗಳಾಗಿ ಬಾಳುವ ಕಲ್ಪಿತ ರಾಜ್ಯವನ್ನು ವರ್ಣಿಸುವ ಗ್ರಂಥಗಳು ಪಾಶ್ಚಾತ್ಯ ಸಾಹಿತ್ಯದಲ್ಲಿ ಬಹುಕಾಲದಿಂದ ಉಂಟು. ೧೫೧೬ರಲ್ಲಿ ಪ್ರಕಟವಾದ ತಾಮಸ್ ಮೋರನ ‘ಯುಟೋಪಿಯ’ವು ಅವುಗಳಲ್ಲಿ ಪ್ರಸಿದ್ಧವಾದುದು. ಇಪ್ಪತ್ತನೆಯ ಶತಮಾನದಲ್ಲಾದರೋ ಇದಕ್ಕೆ ವಿಪರೀತವಾದ ಕಥೆಗಳು ಹುಟ್ಟಿದುವು. ಅಲ್ಲಿಯೂ ರಾಜ್ಯವು ಸುವ್ಯವಸ್ಥಿತವೇ; ಪ್ರಜೆಗಳು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಏಕರೂಪರೇ; ಆದರೆ ಆ ಏಕರೂಪತೆಯೇ ನರಕ. ಇವುಗಳನ್ನು ಓದಿದವರು ಸರ್ವಾಧಿಕಾರಿಗಳನ್ನೂ ಸೆರೆಮನೆಗಳನ್ನೂ ನೆನಪಿನಲ್ಲಿಟ್ಟುಕೊಳ್ಳುವುದು ಸಹಜ. ಒಬ್ಬೊಬ್ಬನ ಕೊಠಡಿಯಲ್ಲಿ, ಕಿವಿಯಲ್ಲಿ, ದಿಂಬಿನಡಿಯಲ್ಲಿ ಇರುವ ಸಣ್ಣ ಯಂತ್ರವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆ ಯಂತ್ರವನ್ನು ಆರಿಸುವ ಅಧಿಕಾರವು ಯಾರದು ಎಂಬ ಪ್ರಶ್ನೆಯೊಂದನ್ನು ಹಿಡಿದು ಹೊರಟರೆ, ಈ ಕಥೆಗಳ ಚರಿತ್ರೆಯು ಮತ್ತೊಂದು ಬಗೆಯಾಗಿ ತೋರುತ್ತದೆ.

೧೯೦೯ನೆಯ ನವೆಂಬರಿನಲ್ಲಿ ‘ಆಕ್ಸ್‌ಫರ್ಡ್ ಅಂಡ್ ಕೇಂಬ್ರಿಜ್ ರಿವ್ಯೂ’ ಎಂಬ ಪತ್ರಿಕೆಯಲ್ಲಿ ಇ. ಎಂ. ಫಾರ್ಸ್ಟರನ ‘ದಿ ಮೆಷೀನ್ ಸ್ಟಾಪ್ಸ್’ ಪ್ರಕಟವಾಯಿತು. ಆಗ ಮನೆಮನೆಗೆ ರೇಡಿಯೋ ಪ್ರಸಾರವೆಂಬುದೇ ಇರಲಿಲ್ಲ. ಎಚ್. ಜಿ. ವೆಲ್ಸನು ಚಿತ್ರಿಸಿದ್ದ ಸ್ವರ್ಗಗಳಲ್ಲೊಂದಕ್ಕೆ ಇದು ಪ್ರತ್ಯುತ್ತರವೆಂದು ಗ್ರಂಥಕರ್ತನೇ ಮುಂದೆ ತಿಳಿಸಿದನು. ಕಥೆಯಲ್ಲಿ ಮನುಷ್ಯರು ನೆಲದಡಿಯಲ್ಲಿ, ಜೇನುಗೂಡಿನ ಕಣ್ಣಿನಂಥ ಷಟ್ಕೋನದ ಕೋಣೆಗಳಲ್ಲಿ ಒಬ್ಬೊಬ್ಬರೇ ವಾಸಿಸುತ್ತಾರೆ. ವಾಷ್ಟಿಯೆಂಬ ಹೆಂಗಸು ಒಂದು ಗುಂಡಿಯನ್ನೊತ್ತಿದರೆ ಆಹಾರ, ಇನ್ನೊಂದನ್ನೊತ್ತಿದರೆ ಸ್ನಾನ, ಮತ್ತೊಂದನ್ನೊತ್ತಿದರೆ ಸಂಗೀತ. ಸಾವಿರಾರು ಜನರ ಪರಿಚಯವು ಅವಳಿಗುಂಟು. ಯಾರ ಮೈ ಸೋಂಕುವ ಪ್ರಸಂಗವೂ ಇಲ್ಲ. ಭೂಗೋಳದ ಆಚೆಯ ಬದಿಯಲ್ಲಿರುವ ಮಗ ಕೂನೋ, ಅವಳ ಕೈಯ ದುಂಡು ತಟ್ಟೆಯ ನೀಲಿ ಬೆಳಕಿನಲ್ಲಿ ಮೂಡಿ, ಯಂತ್ರದ ಮೂಲಕವಲ್ಲದೆ ಎದುರಾಎದುರು ಕಾಣಬೇಕೆಂದು ಬೇಡುತ್ತಾನೆ. ತಾಯಿಗೆ ಇದು ಯಂತ್ರನಿಂದೆಯಂತೆ ಕೇಳುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಅನ್ಯರ ಕರೆಗಳನ್ನೆಲ್ಲ ತಡೆಯುವ ಗುಂಡಿಯೂ ಅವಳ ಕೋಣೆಯಲ್ಲಿದೆ. ಮಗನಿಗೆ ಐದು ನಿಮಿಷ ಕೊಡುವುದಾಗಿ ಹೇಳಿ ಅದನ್ನು ಒತ್ತುತ್ತಾಳೆ. ಮೂರೇ ನಿಮಿಷಕ್ಕೆ ಮಾತು ಮುಗಿಯುತ್ತದೆ. ತಡೆ ತೆಗೆದೊಡನೆ, ಕೂಡಿಬಿದ್ದಿದ್ದ ಕರೆಗಳೆಲ್ಲ ಒಮ್ಮೆಗೇ ಮುಗಿಬೀಳುತ್ತವೆ. ಆರಿಸುವ ಅಧಿಕಾರವು ಆಕೆಗೆ ಇದೆ. ಆರಿಸಿ ಬಾಳುವ ಶಕ್ತಿಯು ಮಾತ್ರ ಇಲ್ಲ. ಕಡೆಗೆ ಯಂತ್ರವು ನಿಂತಾಗ, ಹುಟ್ಟಿದಂದಿನಿಂದ ಕಿವಿಯಲ್ಲಿದ್ದ ಅದರ ಝೇಂಕಾರವೂ ನಿಂತು, ಆ ನಿಶ್ಶಬ್ದದಿಂದಲೇ ಸಾವಿರಾರು ಜನರು ಸಾಯುತ್ತಾರೆ.

ರಷ್ಯಾ ದೇಶದ ಯೆವ್ಗೆನಿ ಜಮ್ಯಾತಿನನು ನೌಕಾನಿರ್ಮಾಣದ ಎಂಜಿನಿಯರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನಲ್ಲಿದ್ದು, ಹಿಮವನ್ನೊಡೆಯುವ ಹಡಗುಗಳ ಕೆಲಸವನ್ನು ನೋಡಿಕೊಂಡವನು. ಅವನ ‘ನಾವು’ ಎಂಬ ಕಾದಂಬರಿಯು ಸ್ವದೇಶದಲ್ಲಿ ನಿಷಿದ್ಧವಾಗಿ, ೧೯೨೪ರಲ್ಲಿ ನ್ಯೂಯಾರ್ಕಿನಲ್ಲಿ ಇಂಗ್ಲಿಷಿನಲ್ಲಿ ಮೊದಲು ಅಚ್ಚಾಯಿತು; ರಷ್ಯಾದಲ್ಲಿ ಬೆಳಕು ಕಂಡದ್ದು ೧೯೮೮ರಲ್ಲಿ. ಅದರಲ್ಲಿ ಜನರಿಗೆ ಹೆಸರಿಲ್ಲ, ಅಂಕೆಗಳಿವೆ. ಮನೆಗಳೆಲ್ಲ ಗಾಜಿನವು. ಪರದೆಯನ್ನು ಇಳಿಯಬಿಡಲು ಚೀಟಿ ಬೇಕು. ಅದೂ ಗೊತ್ತಾದ ಗಂಟೆಗಳಲ್ಲಿ ಮಾತ್ರ. ಏಕಾಂತವು ಪಡಿತರದ ವಸ್ತುವಾದ ಮೇಲೆ ಬೇರೆ ಯಂತ್ರವೇತಕ್ಕೆ?

ಆಲ್ಡಸ್ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’ (೧೯೩೨) ಇನ್ನೂ ಮೃದುವಾದ ಉಪಾಯವನ್ನು ಹೇಳುತ್ತದೆ. ಮಲಗಿದ ಮಕ್ಕಳ ದಿಂಬಿನಡಿಯಿಂದ ಪಿಸುಗುಡುವ ಯಂತ್ರವು ನೀತಿಯನ್ನು ಬೋಧಿಸುತ್ತದೆ. ಸಾಯುವವರ ಮಂಚದ ಕಾಲ್ದೆಸೆಯಲ್ಲಿ ಹಗಲೆಲ್ಲ ಟೆಲಿವಿಷನ್ ಪೆಟ್ಟಿಗೆಯು ನಡೆಯುತ್ತಿರುತ್ತದೆ. ಗಂಗೋದಕದ ಸ್ಥಾನದಲ್ಲಿ ಚಿತ್ರಪಟ!

ಚಾರರೇ ಅರಸನ ಕಣ್ಣುಗಳೆಂಬುದು ಭಾರತದ ರಾಜನೀತಿಯಲ್ಲಿ ಹಳೆಯ ಮಾತು. ಫಾರ್ಸ್ಟರನ ಕಥೆಯು ಹೊರಬಿದ್ದ ೧೯೦೯ರಲ್ಲಿಯೇ ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚು ಮಾಡಿಸಿದುದು ಕಾಕತಾಳೀಯ. ಕಾಪಟಿಕ, ಉದಾಸ್ಥಿತ, ಗೃಹಪತಿಕ, ವೈದೇಹಕ, ತಾಪಸ ಎಂದು ಅಲ್ಲಿ ಎಣಿಸಿರುವ ಗೂಢಪುರುಷರು ಎಷ್ಟೇ ನಿಪುಣರಾದರೂ ಉಣ್ಣಬೇಕು, ನಿದ್ರಿಸಬೇಕು, ವೇತನ ಪಡೆಯಬೇಕು. ಹಸಿವು ನಿದ್ರೆಗಳಿಲ್ಲದ ಚಾರನನ್ನು ಗೋಡೆಯಲ್ಲಿಯೇ ಕೂರಿಸಿದವನು ಜಾರ್ಜ್ ಆರ್ವೆಲ್.

ಇವನು ೧೯೦೩ರಲ್ಲಿ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದವನು. ೧೯೪೧ರಿಂದ ೧೯೪೩ರ ವರೆಗೆ ಬಿ.ಬಿ.ಸಿ.ಯಿಂದ ಭಾರತಕ್ಕೆ ಪ್ರಸಾರವಾಗುತ್ತಿದ್ದ ಭಾಷಣಗಳ ಕೆಲಸದಲ್ಲಿದ್ದವನು. ಧ್ವನಿಯಂತ್ರದ ಈಚೆಗೆ ಕುಳಿತು ಮಾತಾಡುವುದೇನೆಂಬುದು ಅವನಿಗೆ ಗೊತ್ತಿತ್ತು. ಜಮ್ಯಾತಿನನ ಕಾದಂಬರಿಯನ್ನು ಅವನು ೧೯೪೬ರಲ್ಲಿ ವಿಮರ್ಶಿಸಿದನು. ಯುದ್ಧದಿಂದ ನಿಂತುಹೋಗಿದ್ದ ಬ್ರಿಟನ್ನಿನ ಟೆಲಿವಿಷನ್ ಪ್ರಸಾರವು ಮತ್ತೆ ಆರಂಭವಾದುದೂ ಅದೇ ವರ್ಷ. ೧೯೪೯ರಲ್ಲಿ ಬಂದ ‘ನೈನ್ಟೀನ್ ಎಯ್ಟಿಫೋರ್’ ಕಾದಂಬರಿಯ ‘ಟೆಲಿಸ್ಕ್ರೀನ್’ ಆಡುತ್ತದೆ, ಕೇಳುತ್ತದೆ, ನೋಡುತ್ತದೆ. ಧ್ವನಿಯನ್ನು ತಗ್ಗಿಸಬಹುದು, ಆರಿಸುವಂತಿಲ್ಲ. ಪಕ್ಷದ ಒಳಬಳಗದ ಓಬ್ರಿಯನ್ನನು ಒಮ್ಮೆ ಅದನ್ನು ಆರಿಸಿದಾಗ ಅತಿಥಿಗಳು ಬೆರಗಾಗುತ್ತಾರೆ. ಇತ್ತ ಬಡ ಕೂಲಿಕಾರರಲ್ಲಿ ಬಹುಮಂದಿಯ ಮನೆಗಳಲ್ಲಿ ಅದು ಇಲ್ಲವೇ ಇಲ್ಲ! ಆಳುವವನಿಗೆ ಆರಿಸುವ ಹಕ್ಕು, ಆಳಿಗೆ ಉಪೇಕ್ಷೆಯ ಸ್ವಾತಂತ್ರ್ಯ. ನಡುವಣ ಗುಮಾಸ್ತೆಗೆ ಎರಡೂ ಇಲ್ಲ. ಆ ಗುಮಾಸ್ತೆ ವಿನ್ಸ್ಟನ್ನನು ಕಚೇರಿಯಲ್ಲಿ ಮಾತನ್ನೇ ಬರಹವಾಗಿಸುವ ಯಂತ್ರಕ್ಕೆ ಒಗ್ಗಿ, ಕೈಬರಹವನ್ನೇ ಮರೆಯುತ್ತ ಬಂದವನು. ಯಂತ್ರದ ಕಣ್ಣಿಗೆ ಬೀಳದ ಮೂಲೆಯಲ್ಲಿ ಕುಳಿತು, ಹಳೆಯ ಪುಸ್ತಕವೊಂದರಲ್ಲಿ ಮಸಿಯ ಲೇಖನಿಯಿಂದ ದಿನಚರಿಯನ್ನು ಆರಂಭಿಸುತ್ತಾನೆ. ಯಂತ್ರವಿಲ್ಲವೆಂದು ನಂಬಿ ಪ್ರೇಯಸಿಯೊಡನೆ ಬಾಡಿಗೆಗೆ ಹಿಡಿದ ಕೋಣೆಯಲ್ಲಿಯೂ, ಗೋಡೆಯ ಚಿತ್ರದ ಹಿಂದೆ ಅದೇ ಯಂತ್ರವು ಮೊದಲಿನಿಂದಲೂ ಅಡಗಿತ್ತು.

ನಾಲ್ಕು ವರ್ಷಗಳ ಬಳಿಕ ಅಮೆರಿಕದ ರೇ ಬ್ರಾಡ್‌ಬರಿಯು ‘ಫ್ಯಾರನ್‌ಹೈಟ್ ೪೫೧’ರಲ್ಲಿ ಮತ್ತೆ ಫಾರ್ಸ್ಟರನ ಹಾದಿಗೆ ಬರುತ್ತಾನೆ. ಪುಸ್ತಕಗಳನ್ನು ಸುಡುವ ಮಾಂಟಾಗನ ಮನೆಯಲ್ಲಿ ಮೂರು ಗೋಡೆಗಳು ಟೆಲಿವಿಷನ್ನುಗಳಾಗಿವೆ. ಹೆಂಡತಿ ಮಿಲ್‌ಡ್ರೆಡ್ ನಾಲ್ಕನೆಯದೂ ಬೇಕೆನ್ನುತ್ತಾಳೆ. ಬೆಲೆ ಎರಡು ಸಾವಿರ ಡಾಲರು, ಗಂಡನ ವರ್ಷದ ಸಂಬಳದಲ್ಲಿ ಮೂರನೆಯ ಒಂದು ಪಾಲು. ಯಾವ ಸರ್ಕಾರವೂ ಅವಳನ್ನು ಬಲಾತ್ಕರಿಸಿಲ್ಲ. ರಾತ್ರಿ ಮಲಗಿದಾಗಲೂ ಕಿವಿಯಲ್ಲಿ ‘ಸೀಷೆಲ್’ ಎಂಬ ಕಿರಿಯ ರೇಡಿಯೋ ಇರುತ್ತದೆ. ಪಕ್ಕದಲ್ಲಿ ಮಲಗಿದ ಗಂಡನಿಗೆ ಹೀಗೊಂದು ಯೋಚನೆ ಬರುತ್ತದೆ: ತಾನೂ ಒಂದು ಪ್ರಸಾರಯಂತ್ರವನ್ನು ಕೊಂಡುಕೊಂಡರೆ, ರಾತ್ರಿಯ ಹೊತ್ತು ಅವಳ ಕಿವಿಯಲ್ಲಿ ನಾಲ್ಕು ಮಾತನಾಡಬಹುದಲ್ಲವೆ?