ಮುತ್ತಿಗೆಗೆ ಮೊದಲು ದುರ್ಗದವರು ಏನೇನು ಕಟ್ಟಿಟ್ಟಿದ್ದರು?

ಹೋದ ತಿಂಗಳು ನಮ್ಮ ಗುಂಪಿನ ನಾಲ್ಕು ಜನ ಬೆಂಗಳೂರಿನ ಹೊರಗೆ ಪೇಂಟ್‌ಬಾಲ್ ಆಡೋಕೆ ಹೊರಟೆವು. ಒಬ್ಬ ಹಿರಿಯೂರಿನವ, ಒಬ್ಬ ಹೊಳಲ್ಕೆರೆಯವ, ಇಬ್ಬರು ಹೊಸದುರ್ಗದ ಕಡೆಯವರು. ಶನಿವಾರ, ಭಾನುವಾರ ಎರಡು ದಿನದ ಆಟ. ಒಂದು ತಂಡ ಕೋಟೆ ಕಾಯಬೇಕು, ಇನ್ನೊಂದು ತಂಡ ಮುತ್ತಿಗೆ ಹಾಕಬೇಕು. ಹೀಗೆ ಒಂದು ಕಥೆ ಇಟ್ಟುಕೊಂಡು, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು ಆಡಿಸುವುದಕ್ಕೆ 'ಸಿನಾರಿಯೋ' ಆಟ ಅಂತಾರೆ.

ಏನೇನು ತರಬೇಕು ಅಂತ ವಾಟ್ಸಾಪಿನಲ್ಲಿ ಪಟ್ಟಿ ಬಂತು. ತುಂಬು ತೋಳಿನ ಅಂಗಿ, ಗಟ್ಟಿ ಶೂ, ಮಂಡಿಗೆ ಪ್ಯಾಡು, ಎರಡು ಜೊತೆ ಬಟ್ಟೆ, ನೀರು, ಟಾರ್ಚು, ಹಗ್ಗ, ಒಣ ತಿಂಡಿ. ಹೊಸದುರ್ಗದ ಮನೆಯಲ್ಲಿ ಬ್ಯಾಗು ತುಂಬುತ್ತಾ ಕೂತಿದ್ದಾಗ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದರು.

"ಏನ್ರಪ್ಪಾ, ದಂಡಿಗೆ ಹೊಂಟೀರಾ?"

"ಇಲ್ಲಜ್ಜಿ, ಆಟಕ್ಕೆ."

"ಎರಡು ದಿನದ ಆಟಕ್ಕೆ ಇಷ್ಟು ಗಂಟಾ? ಹಂಗಾದ್ರೆ ದುರ್ಗದಾಗೆ ತಿಂಗಳುಗಟ್ಲೆ ಕೂತೋರು ಏನೇನು ಕಟ್ಟಿಟ್ಕಂಡಿದ್ರು?"

ನಮಗೆ ಉತ್ತರ ಗೊತ್ತಿರಲಿಲ್ಲ. ಚಿಕ್ಕಂದಿನಿಂದ ಹತ್ತು ಸಲವಾದರೂ ಕೋಟೆ ಹತ್ತಿದ್ದೇವೆ. ಒನಕೆ ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದೇವೆ. ಆದರೆ ಈ ಪ್ರಶ್ನೆ ಇಟ್ಟುಕೊಂಡು ಒಂದು ಸಲವೂ ಹತ್ತಿರಲಿಲ್ಲ. ಆಟ ಮುಗಿಸಿ ಬಂದ ಮೇಲೆ ಹತ್ತಿದೆವು. ನೋಡಿದ್ದು, ಓದಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇವೆ.

ಮೊದಲು ಆಟದ ಕಥೆ

ಪೇಂಟ್‌ಬಾಲ್ ಹಳೆಯ ಆಟವೇನಲ್ಲ. ಅಮೆರಿಕದಲ್ಲಿ ಕಾಡಿನ ಮರಗಳಿಗೆ, ಮಂದೆಯ ದನಗಳಿಗೆ ದೂರದಿಂದಲೇ ಬಣ್ಣದ ಗುರುತು ಹಾಕಲು ನೆಲ್ಸನ್ ಎಂಬ ಬಣ್ಣದ ಕಂಪನಿ ಒಂದು ಪಿಸ್ತೂಲು ಮಾರುತ್ತಿತ್ತು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಕಾಡಿನಲ್ಲಿ ಹನ್ನೆರಡು ಜನ ಅದನ್ನೇ ಹಿಡಿದು ಮೊದಲ ಆಟ ಆಡಿದರು. ಕಾಡಿನಲ್ಲಿ ನೆಟ್ಟ ಬಾವುಟಗಳನ್ನು ಬಣ್ಣ ತಾಗಿಸಿಕೊಳ್ಳದೆ ತರಬೇಕಿತ್ತು. ಗೆದ್ದವನು ಕಾಡು ಬಲ್ಲ ಒಬ್ಬ ಅರಣ್ಯ ಕೆಲಸಗಾರ. ಅವನು ಒಂದು ಗುಂಡೂ ಹಾರಿಸಿರಲಿಲ್ಲ!

ಈ ಮಾತು ನೆನಪಿರಲಿ. ನಮ್ಮ ಜಿಲ್ಲೆಯಲ್ಲೂ ಇಂಥದ್ದೇ ಒಂದು ಕಥೆ ಇದೆ.

ಒಂದು ಕುದುರೆ, ಒಂದು ಗೂಟ

ಚಿತ್ರದುರ್ಗದ ಪಾಳೆಯಗಾರರ ಮೂಲಪುರುಷ ತಿಮ್ಮಣ್ಣ ನಾಯಕ. ಹಳೆಯ ಮೈಸೂರು ಗೆಜೆಟಿಯರ್ ಪ್ರಕಾರ ವಿಜಯನಗರದವರಿಂದ ಅವನಿಗೆ ಮೊದಲು ಸಿಕ್ಕಿದ್ದು ಹೊಳಲ್ಕೆರೆ, ಆಮೇಲೆ ಹಿರಿಯೂರು, ಕೊನೆಗೆ ದುರ್ಗ. ಒಂದು ಸಲ ವಿಜಯನಗರದ ದಂಡೇ ಅವನ ಮೇಲೆ ಬಂತು. ರಾತ್ರಿ ತಿಮ್ಮಣ್ಣ ಒಬ್ಬನೇ ಶತ್ರು ಪಾಳೆಯದೊಳಗೆ ನುಸುಳಿ, ದಂಡಿನ ನಾಯಕ ಸಾಳುವ ನರಸಿಂಗರಾಯನ ಕುದುರೆಯನ್ನು ಬಿಚ್ಚಲು ಹೋದ. ಅಷ್ಟರಲ್ಲಿ ಕುದುರೆ ಕಾಯುವವನಿಗೆ ಎಚ್ಚರವಾಯಿತು. ತಿಮ್ಮಣ್ಣ ಹುಲ್ಲಿನಡಿ ಅಡಗಿದ. ಬಂದವನು ಸಡಿಲವಾಗಿದ್ದ ಗೂಟವನ್ನು ಮತ್ತೆ ಹೊಡೆದ. ಆ ಗೂಟ ಹುಲ್ಲಿನಡಿ ಇದ್ದ ತಿಮ್ಮಣ್ಣನ ಕೈ ತೂರಿ ನೆಲಕ್ಕೆ ಇಳಿಯಿತು. ಅವನು ಉಸಿರೆತ್ತಲಿಲ್ಲ. ಎಲ್ಲ ಮಲಗಿದ ಮೇಲೆ ಇನ್ನೊಂದು ಕೈಯಿಂದ ಆ ಕೈಯನ್ನೇ ಕತ್ತರಿಸಿಕೊಂಡು ಕುದುರೆ ಹೊಡೆದುಕೊಂಡು ಬಂದ. ಕುದುರೆ ಕದ್ದವನು ಮನಸ್ಸು ಮಾಡಿದ್ದರೆ ನಾಯಕನನ್ನೇ ಕೊಲ್ಲಬಹುದಿತ್ತು ಎಂಬುದು ದಂಡಿನವರಿಗೆ ಅರ್ಥವಾಯಿತು. ರಾಜಿಯಾಯಿತು.

ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಕಥೆ ಎಂದು ಬಿಡಿಸುವುದು ಕಷ್ಟ. ಆದರೆ ದುರ್ಗದವರು ತಮ್ಮ ಮೊದಲ ನಾಯಕನನ್ನು ಹೇಗೆ ನೆನಪಿಟ್ಟರು ಎಂಬುದು ಮುಖ್ಯ. ಅವನನ್ನು ನೂರು ತಲೆ ಕಡಿದವನೆಂದು ನೆನಪಿಡಲಿಲ್ಲ. ಒಬ್ಬನನ್ನೂ ಕೊಲ್ಲದೆ, ಬಾಯಿ ಬಿಡದೆ ಕೆಲಸ ಮುಗಿಸಿ ಬಂದವನೆಂದು ನೆನಪಿಟ್ಟರು.

ನೀರು

ಇನ್ನು ಪಟ್ಟಿಗೆ ಬರೋಣ. ಮೊದಲು ನೀರು.

ನಮ್ಮದು ಬರದ ಸೀಮೆ. ಹಿರಿಯೂರಿನ ವಾಣಿ ವಿಲಾಸ ಸಾಗರ 1907ರಲ್ಲಿ ಮುಗಿಯುವ ತನಕ ವೇದಾವತಿಯ ನೀರನ್ನು ಅಷ್ಟು ದೊಡ್ಡದಾಗಿ ಹಿಡಿದಿಟ್ಟವರಿರಲಿಲ್ಲ. ಇಂಥ ಸೀಮೆಯ ಬಂಡೆಬೆಟ್ಟದ ಮೇಲೆ ಸಾವಿರಾರು ಜನ, ದನ, ಕುದುರೆ ತಿಂಗಳುಗಟ್ಟಲೆ ಬದುಕಬೇಕು. ಕೊಡದಲ್ಲಿ ಹೊತ್ತು ತುಂಬಿಸಿದರೆ ಸಾಲುತ್ತದೆಯೇ?

ದುರ್ಗದವರು ಮಳೆಯನ್ನೇ ಕಟ್ಟಿಟ್ಟರು. ಬಂಡೆಗಳ ಮೇಲೆ ಬಿದ್ದ ನೀರು ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಬರುತ್ತದೆ. ಅದು ತುಂಬಿ ಕೋಡಿ ಹರಿದರೆ ಅಕ್ಕ-ತಂಗಿ ಹೊಂಡ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಒಂದು ಹೊಂಡದ ಹೆಚ್ಚುವರಿ ಇನ್ನೊಂದಕ್ಕೆ. ಹನಿ ನೀರೂ ದಂಡವಾಗದ ಲೆಕ್ಕ. ನಮ್ಮ ಕೆರೆಗಳ ಸರಪಳಿಯೂ ಇದೇ ಲೆಕ್ಕದ್ದು. ಅದನ್ನೇ ಬೆಟ್ಟಕ್ಕೆ ಹತ್ತಿಸಿದ್ದಾರೆ.

ಓಬವ್ವನ ಕಥೆಯಲ್ಲೂ ನೀರೇ ಇದೆ ನೋಡಿ. ಕಾವಲಿನ ಗಂಡ ಊಟಕ್ಕೆ ಮನೆಗೆ ಬಂದ. ನೀರು ತರಲು ಅವಳು ತಣ್ಣೀರು ದೋಣಿಗೆ ಹೋದಳು. ಆಗಲೇ ಕಿಂಡಿಯಲ್ಲಿ ಹೈದರನ ಸೈನಿಕರ ಸದ್ದು ಕೇಳಿದ್ದು. ಒನಕೆಯ ಮಾತು ಎಲ್ಲರಿಗೂ ಗೊತ್ತು. ನಮಗೆ ಈ ಸಲ ಕಂಡದ್ದು ಬೇರೆ. ಏಳು ಸುತ್ತು ಕಲ್ಲು ಕಟ್ಟಿದರೂ ಕಾವಲುಗಾರನಿಗೆ ಹಸಿವಾಗುತ್ತದೆ. ಆ ಒಂದು ಊಟದ ಹೊತ್ತಿಗೆ ಯಾರು ನಿಲ್ಲಬೇಕು ಎಂಬುದೂ ತಯಾರಿಯ ಭಾಗವೇ. ಅವತ್ತು ಆ ಲೆಕ್ಕದಲ್ಲಿ ಇದ್ದ ತೂತನ್ನು ಒಬ್ಬ ಹೆಣ್ಣುಮಗಳು ಮುಚ್ಚಿದಳು.

ಕಾಳು

ಕೋಟೆಯೊಳಗೆ ಕಣಜಗಳಿವೆ. ಆದರೆ ಕಣಜ ತುಂಬುವುದು ಬೆಟ್ಟದ ಮೇಲಿನ ಬೆಳೆಯಿಂದಲ್ಲ. ಅದು ಬರಬೇಕಾದದ್ದು ಸುತ್ತಿನ ಹಳ್ಳಿಗಳಿಂದ, ನಿಮ್ಮ ನಮ್ಮ ಹೊಲಗಳಿಂದ.

ರಾಗಿಗೆ ಒಂದು ದೊಡ್ಡ ಗುಣವಿದೆ. ಗಾಳಿ, ತೇವ ಸೋಕದಂತೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ, ಹುಳ ಬೀಳುವುದಿಲ್ಲ. ಅದಕ್ಕೇ ನಮ್ಮ ಹಳ್ಳಿಗಳಲ್ಲಿ ಹಗೇವು ಇದ್ದವು. ನೆಲದಲ್ಲಿ ಹೂಜಿಯಂತೆ ಬಾಯಿ ಕಿರಿದು, ಹೊಟ್ಟೆ ಅಗಲವಾದ ಗುಂಡಿ. ಒಳಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ತೆಗೆಯುವಾಗ ಕೂಡಲೇ ಇಳಿಯುವಂತಿರಲಿಲ್ಲ. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಮೊದಲು ದೀಪ ಇಳಿಬಿಟ್ಟು, ಅದು ಆರಲಿಲ್ಲ ಅಂದರೆ ಮಾತ್ರ ಮನುಷ್ಯ ಇಳಿಯಬೇಕು. ಅವಸರ ಮಾಡಿ ಜೀವ ಕಳೆದುಕೊಂಡವರ ಕಥೆ ಎಷ್ಟೋ ಊರುಗಳಲ್ಲಿ ಇದೆ.

ನಾವು ಆಟಕ್ಕೆ ಒಯ್ದದ್ದು ಬಿಸ್ಕತ್ತು, ಚಿಪ್ಸು. ಅಜ್ಜಿ ಒತ್ತಾಯ ಮಾಡಿ ಹಾಕಿದ್ದು ರಾಗಿ ಹುರಿಟ್ಟು. ಬೆಂಕಿ ಬೇಡ, ಪಾತ್ರೆ ಬೇಡ, ನೀರು ಬೆಲ್ಲ ಸಾಕು. ಎರಡನೇ ದಿನ ಮಧ್ಯಾಹ್ನ ನಮ್ಮ ತಂಡವೆಲ್ಲ ಕೈಯೊಡ್ಡಿದ್ದು ಹುರಿಟ್ಟಿಗೇ.

ಎಣ್ಣೆ, ಮದ್ದು

ಕೋಟೆಯೊಳಗೆ ಎಣ್ಣೆಯ ಕೊಳಗಳನ್ನು ತೋರಿಸುತ್ತಾರೆ. ತುಪ್ಪದ ಕೊಳದ ಬತೇರಿ ಎಂಬ ಹೆಸರೇ ಇದೆ. ಗೈಡುಗಳು ಕುದಿಯುವ ಎಣ್ಣೆಯನ್ನು ಶತ್ರುಗಳ ಮೇಲೆ ಸುರಿಯುತ್ತಿದ್ದರು ಎನ್ನುತ್ತಾರೆ. ಅದಿರಲಿ. ದಿನದ ಲೆಕ್ಕ ಹಾಕಿ. ಬತೇರಿಗೊಂದು ಪಂಜು, ಬಾಗಿಲಿಗೊಂದು ದೀಪ, ಅಡುಗೆಗೆ, ಗಾಯಕ್ಕೆ, ಚರ್ಮದ ಸಾಮಾನಿಗೆ. ರಾತ್ರಿ ಕಾವಲು ಅಂದರೆ ಎಣ್ಣೆ ಸುಡುವುದು.

ಇನ್ನು ಮದ್ದು ಬೀಸುವ ಕಲ್ಲುಗಳು. ಒಂದು ಗುಂಡಿಯೊಳಗೆ ಭಾರೀ ಗಾತ್ರದ ನಾಲ್ಕು ಬೀಸುಕಲ್ಲುಗಳು ಈಗಲೂ ಇವೆ. ಮನುಷ್ಯರ ತೋಳಿಗೆ ಬಗ್ಗುವ ಕಲ್ಲಲ್ಲ, ಆನೆಯನ್ನೋ ಎತ್ತುಗಳನ್ನೋ ಕಟ್ಟಿ ತಿರುಗಿಸುತ್ತಿದ್ದರು ಎನ್ನುತ್ತಾರೆ. ತೋಪಿನ ಮದ್ದಿಗೆ ಬೇಕಾದ್ದು ಮೂರೇ ಸಾಮಾನು: ಪೆಟ್ಲುಪ್ಪು, ಗಂಧಕ, ಇದ್ದಿಲು. ನೂರು ಪಾಲಿನಲ್ಲಿ ಸುಮಾರು 75 ಪಾಲು ಪೆಟ್ಲುಪ್ಪೇ. ಮೂರನ್ನೂ ಎಷ್ಟು ನುಣ್ಣಗೆ ಬೀಸಿ ಬೆರೆಸಿದರೆ ಅಷ್ಟು ಜೋರು. ಒಣಗಿದ್ದನ್ನು ಬೀಸಿದರೆ ಒಂದು ಕಿಡಿಗೆ ಎಲ್ಲ ಹೋಗುತ್ತದೆ. ಮುಗಿದ ಮೇಲೆ ತೇವ ತಾಗಿದರೆ ಬೂದಿಗೆ ಸಮ.

ನಾವು ಆಡಿದ ಗುಂಡು ಜೆಲಟಿನ್ ಸಿಪ್ಪೆಯದು, ಒಳಗೆ ನೀರಲ್ಲಿ ತೊಳೆದರೆ ಹೋಗುವ ಬಣ್ಣ. ಅದಕ್ಕೂ ತೇವ ಆಗದು, ಉಬ್ಬಿ ನಳಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಬ್ಯಾಗಿನ ಪಕ್ಕದ ಜೇಬಿನ ನೀರಿನ ಬಾಟ್ಲಿ ಸೋರಿ ನಮ್ಮ ಒಂದು ಪೊಟ್ಟಣ ಹಾಗೇ ಹಾಳಾಯಿತು. ಗುಂಡು ಮತ್ತು ನೀರು ಒಂದೇ ಚೀಲದಲ್ಲಿ ಇಡಬಾರದು ಎಂಬ ಬುದ್ಧಿ ನಮಗೆ ಬಂದದ್ದು ಆಮೇಲೆ.

ಹಗ್ಗ

ದುರ್ಗದವರು ಕೋಟೆ ಕಾಯುವುದರಲ್ಲಿ ಮಾತ್ರವಲ್ಲ, ಹತ್ತುವುದರಲ್ಲೂ ಹೆಸರು ಮಾಡಿದವರು. ಬೆಂಗಳೂರಿಗೆ ಹೋಗುವಾಗ ದಾಬಸ್‌ಪೇಟೆ ಹತ್ತಿರ ನಿಜಗಲ್ಲು ಬೆಟ್ಟ ಸಿಗುತ್ತದೆ. 1770ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ದಂಡು ಆ ಕೋಟೆ ಹಿಡಿಯಲಾರದೆ ತಿಂಗಳುಗಟ್ಟಲೆ ಕೂತಿತ್ತು. ಕೊನೆಗೆ ಅದನ್ನು ಹತ್ತಿ ಗೆದ್ದುಕೊಟ್ಟವರು ದುರ್ಗದ ಬೇಡರ ಪಡೆ. ಗೋಡೆಗೆ ಉಡ ಎಸೆದು ಅದರ ಸೊಂಟದ ಹಗ್ಗ ಹಿಡಿದು ಹತ್ತುತ್ತಿದ್ದರು ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಉಡದ ಮಾತು ನಂಬಿ ಬಿಡಿ, ಬಂಡೆ ಹತ್ತುವ ಕಾಲು ಮಾತ್ರ ಒಂದು ದಿನದಲ್ಲಿ ಬರುವುದಲ್ಲ.

ಸೋಮವಾರದ ಕೊಂಬು

ಹೈದರ್ ಅಲಿ 1777ರಲ್ಲಿ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತರೂ ಕೋಟೆ ಸಿಗಲಿಲ್ಲ. ಆ ಕಾಲದ ಒಂದು ಸಂಗತಿಯನ್ನು ಇತಿಹಾಸಕಾರ ಮಾರ್ಕ್ ವಿಲ್ಕ್ಸ್ ಬರೆದಿಟ್ಟಿದ್ದಾನೆ. ಪ್ರತಿ ಸೋಮವಾರ ಬೇಡರು ದೇವಿಯ ಪೂಜೆ ಮುಗಿಸಿ, ಕೊಂಬು ಊದಿ, ಕೋಟೆಯಿಂದ ಹೊರಗೆ ಬೀಳುತ್ತಿದ್ದರಂತೆ. ವಾರ ಗೊತ್ತು, ಕೊಂಬಿನ ಸದ್ದೂ ಗೊತ್ತು. ಯಾವ ಕಡೆಯಿಂದ ಬರುತ್ತಾರೆ ಎಂಬುದು ಮಾತ್ರ ಮುತ್ತಿಗೆಯವರಿಗೆ ಗೊತ್ತಾಗುತ್ತಿರಲಿಲ್ಲ. ಕಡಿದು ತಂದ ತಲೆಗಳನ್ನು ಗುಡಿಯ ಮುಂದೆ ಸಾಲಾಗಿ ಗುಡ್ಡೆ ಹಾಕುತ್ತಿದ್ದರು. ಕೋಟೆ ಬಿದ್ದಾಗ ಅಲ್ಲಿ ಸುಮಾರು ಎರಡು ಸಾವಿರ ತಲೆಗಳಿದ್ದವು ಎಂದು ಅವನ ಲೆಕ್ಕ.

ಓದುತ್ತಾ ಮೈ ಜುಮ್ಮೆಂದಿತು, ಹೆಮ್ಮೆಗಲ್ಲ. ಆ ಎರಡು ಸಾವಿರ ಜನರೂ ಯಾವುದೋ ಹಳ್ಳಿಯಲ್ಲಿ ಬುತ್ತಿ ಕಟ್ಟಿಸಿಕೊಂಡು ಹೊರಟವರೇ. ನಮ್ಮ ಆಟದಲ್ಲಿ ಗುಂಡು ತಾಗಿದವನು ಕೈ ಎತ್ತಿ ಪಕ್ಕಕ್ಕೆ ಹೋಗಿ ಕೂರುತ್ತಾನೆ, ಅರ್ಧ ಗಂಟೆಗೆ ಮತ್ತೆ ಬರುತ್ತಾನೆ. ಆಟಕ್ಕೂ ದಂಡಿಗೂ ಇರುವ ಅಂತರ ಇಷ್ಟೇ, ಇದೇ ಎಲ್ಲ.

ಕಟ್ಟಿಡಲಾಗದ್ದು

1779ರಲ್ಲಿ ಕೋಟೆ ಬಿತ್ತು. ನೀರು ಬತ್ತಿ ಬೀಳಲಿಲ್ಲ. ರಾಗಿ ಮುಗಿದು ಬೀಳಲಿಲ್ಲ. ಕೊನೆಯ ಮದಕರಿ ನಾಯಕನ ಸೇವೆಯಲ್ಲಿದ್ದವರಲ್ಲೇ ಕೆಲವರನ್ನು ಹೈದರ್ ಒಳಗೆ ಹಾಕಿಕೊಂಡ ಎಂದು ಗೆಜೆಟಿಯರ್ ಹೇಳುತ್ತದೆ. ನಂಬಿಕೆಯನ್ನು ಹಗೇವಿನಲ್ಲಿ ತುಂಬಿಡಲು ಆಗುವುದಿಲ್ಲ. ಅದನ್ನು ದಿನಾ ನೋಡಿಕೊಳ್ಳಬೇಕು.

ನಾಯಕನನ್ನೂ ಅವನ ಮನೆಯವರನ್ನೂ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು. ನಾವು ಶಾಲೆಯಲ್ಲಿ ಓದಿದ್ದು ಇಲ್ಲಿಗೆ ನಿಂತಿತ್ತು. ಮುಂದಿನ ಸಾಲು ಈಗ ಓದಿದೆವು. ಸುತ್ತಲ ಸೀಮೆಯ ಸುಮಾರು 20,000 ಬೇಡರನ್ನು ಆ ದ್ವೀಪಕ್ಕೆ ಜನ ತುಂಬಿಸಲು ಒಯ್ದರು. ವಯಸ್ಸಿನ ಹುಡುಗರನ್ನು ಬೇರೆ ಮಾಡಿ, ಮತಾಂತರಿಸಿ, 'ಚೇಲಾ' ಎಂಬ ಪಡೆಗಳಿಗೆ ಸೇರಿಸಿದರು.

ಇಪ್ಪತ್ತು ಸಾವಿರ. ಕಣಜ ತುಂಬಿದ್ದವರು, ಮದ್ದು ಬೀಸಿದ್ದವರು, ಹೊಂಡದ ಹೂಳು ತೆಗೆದವರು ಇಂಥವರೇ ಇರಬೇಕು. ಮುತ್ತಿಗೆಗೆ ಎಲ್ಲವನ್ನೂ ಕಟ್ಟಿಟ್ಟ ಜನ ತಾವೇ ಗಂಟು ಕಟ್ಟಬೇಕಾದಾಗ ಏನು ತೆಗೆದುಕೊಂಡಿರಬಹುದು? ಬೀಸುಕಲ್ಲು ಹೊರಲಾಗದು. ಹೊಲ ಹೊರಲಾಗದು. ಬಿತ್ತನೆಗೆ ಒಂದು ಹಿಡಿ ರಾಗಿ, ಮನೆದೇವರ ಒಂದು ಸಣ್ಣ ಕಲ್ಲು? ಪಾಳೆಯಗಾರರ ವಂಶಾವಳಿ ಬರೆದವರಿದ್ದಾರೆ. ಆ ಗಂಟುಗಳ ಪಟ್ಟಿಯನ್ನು ಬರೆದವರನ್ನು ನಾವು ಕಾಣಲಿಲ್ಲ.

ಅಜ್ಜಿಗೆ ಇಷ್ಟನ್ನೂ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಹಿತ್ತಲಾಗೂ ಒಂದು ಹಗೇವು ಇತ್ತು, ನಿಮ್ ತಾತನ ಕಾಲದಾಗೆ ಮುಚ್ಚಿಸಿದ್ರು" ಅಂದರು. ಅಲ್ಲಿ ಈಗ ಬೈಕು ನಿಲ್ಲಿಸುತ್ತೇವೆ. ಇಷ್ಟು ವರ್ಷ ನಾವು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಮುಂದಿನ ಸಲ ಕೋಟೆಗೆ ಹೋದರೆ ಬತೇರಿಗೆ ಓಡುವ ಮೊದಲು ಈ ನಾಲ್ಕು ನೋಡಿ: ಹೊಂಡಗಳ ಸಾಲು, ಕಣಜ, ಎಣ್ಣೆ ಕೊಳ, ಮದ್ದಿನ ಬೀಸುಕಲ್ಲು. ಬೆಳಿಗ್ಗೆ ಬೇಗ ಹತ್ತಿ, ಕುಡಿಯುವ ನೀರು ಒಯ್ಯಿರಿ, ಬಾಟ್ಲಿಯನ್ನು ಹೊಂಡಕ್ಕೆ ಎಸೆಯಬೇಡಿ. ನಿಮ್ಮ ಊರಿನಲ್ಲಿ ಹಗೇವು ಎಲ್ಲಿತ್ತು, ಯಾರ ಕಾಲದಲ್ಲಿ ಮುಚ್ಚಿದರು ಎಂದು ಮನೆಯ ಹಿರಿಯರನ್ನು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ನಮಗೂ ತಿಳಿಸಿ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹಗೇವುಗಳ ಒಂದು ಪಟ್ಟಿಯನ್ನಾದರೂ ನಾವೆಲ್ಲ ಸೇರಿ ಮಾಡೋಣ.