ದೇಹವೇ ದೇವಾಲಯವಾದ ರಾಮನಾಮಿಗಳು

ನಮ್ಮ ಗಡಿಸೀಮೆಯ ಅಜ್ಜಿಯರ ಮುಂಗೈ ಮೇಲೆ ಕೊರವಂಜಿ ಚುಚ್ಚಿದ ಹಸಿರು ಹಚ್ಚೆಯನ್ನು ಭಕ್ತಾದಿಗಳಲ್ಲಿ ಅನೇಕರು ಕಂಡಿರಬಹುದು. ಆದರೆ ಛತ್ತೀಸಗಢದ ರಾಮನಾಮಿಗಳು ಹಣೆ, ರೆಪ್ಪೆ, ಎದೆ, ಅಂಗೈ ಎನ್ನದೆ ಮೈತುಂಬ ‘ರಾಮ ರಾಮ’ ಎಂದು ಬರೆಸಿಕೊಂಡವರು.

ಉತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯಲು ಕಾರಣವುಂಟು. ಚರ್ಮದ ಕಸುಬಿನ ಕುಲದವರೆಂದು ಅವರನ್ನು ಗುಡಿಯೊಳಕ್ಕೆ ಬಿಡುತ್ತಿರಲಿಲ್ಲ. 1890ರ ದಶಕದಲ್ಲಿ ಚಾರಪಾರಾ ಗ್ರಾಮದ ಪರಶುರಾಮ ಎಂಬ ಭಕ್ತನಿಂದ ಈ ಪಂಥ ಮೊದಲಾಯಿತು. ಗುಡಿಯ ಬಾಗಿಲು ತೆರೆಯಲೆಂದು ಅವರು ಕಾಯಲಿಲ್ಲ. ಯಾರೂ ಕಸಿಯಲಾಗದ ಕಡೆ ನಾಮವನ್ನು ಬರೆಸಿಕೊಂಡರು.

ಸೀಮೆಎಣ್ಣೆ ದೀಪದ ಕಾಡಿಗೆಯನ್ನು ನೀರಿನಲ್ಲಿ ಕಲಸಿ ಸೂಜಿಯಿಂದ ಚುಚ್ಚುವರು. ಮೈ ಬಾತು ಜ್ವರ ಬರುವುದೂ ಉಂಟು. ಆದ್ದರಿಂದ ಒಂದೇ ದಿನಕ್ಕೆ ಮುಗಿಯುವ ಕೆಲಸ ಇದಲ್ಲ. ಒಂದು ಅಂಗ ಮಾಗಿದ ಮೇಲೆ ಇನ್ನೊಂದು. ಹಣೆಗೆ ಬರೆಸಿಕೊಂಡವರು ‘ಶಿರೋಮಣಿ’, ಅಡಿಯಿಂದ ಮುಡಿಯವರೆಗೆ ಬರೆಸಿಕೊಂಡವರು ‘ನಖಶಿಖ’. ಇಷ್ಟು ನೋವನ್ನು ಸ್ತ್ರೀಯರೂ ಸಮನಾಗಿ ಸಹಿಸಿದರೆಂಬುದು ಸಾಮಾನ್ಯ ಸಂಗತಿಯಲ್ಲ.

ಅವರ ರಾಮ ದಶರಥನ ಮಗನಲ್ಲ, ನಿರ್ಗುಣ. ಮೂರ್ತಿಪೂಜೆ ಇಲ್ಲ, ಆದರೂ ತುಳಸೀದಾಸರ ರಾಮಚರಿತಮಾನಸವನ್ನು ಹಾಡುತ್ತಾರೆ. ಪುಷ್ಯ ಮಾಸದಲ್ಲಿ ಮಹಾನದಿ ಸೀಮೆಯಲ್ಲಿ ನಡೆಯುವ ಭಜನ ಮೇಳಕ್ಕೆ ನವಿಲುಗರಿಯ ಕಿರೀಟ ಧರಿಸಿ, ಗೆಜ್ಜೆ ಕಟ್ಟಿ, ರಾಮನಾಮ ಬರೆದ ಬಿಳಿ ವಸ್ತ್ರ ಹೊದ್ದು ಬರುತ್ತಾರೆ.

ನಖಶಿಖರು ಈಗ ಕೆಲವರೇ. ಕೂಲಿಗೆಂದು ಪಟ್ಟಣ ಸೇರುವ ತರುಣರು ಮುಖಕ್ಕೆ ಬರೆಸಲು ಹಿಂಜರಿದು, ಎದೆಯ ಮೇಲೋ ತೋಳಿನ ಮೇಲೋ ಒಂದೇ ನಾಮ ಬರೆಸಿಕೊಂಡು ಹೋಗುತ್ತಾರೆ.